‘ಐ7, 16 ಜಿಬಿ, ಫುಲ್ ಸೆಟ್ 12,999’: ದುಡ್ಡು ಎಣಿಸುವ ಮುಂಚೆ ಕ್ಯಾಬಿನೆಟ್ ಮುಚ್ಚಳ ತೆಗೆಸಿ

ಜಾಹೀರಾತು ಹೀಗಿತ್ತು: ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 22 ಇಂಚಿನ ಮಾನಿಟರ್, ವೈಫೈ, ಕೀಬೋರ್ಡ್, ಮೌಸ್. ರೀಫರ್ಬಿಶ್ಡ್. ಒಂದು ವರ್ಷ ವಾರಂಟಿ.’ ಮಕ್ಕಳ ಪ್ರಾಜೆಕ್ಟು, ನುಡಿಯಲ್ಲಿ ಟೈಪಿಂಗು, ಬ್ಯಾಂಕಿನ ಕೆಲಸ, ಸ್ವಲ್ಪ ಯೂಟ್ಯೂಬ್ ಅಂತ ಒಂದು ಮನೆಯವರು ಕೊಂಡರು. ಕೆಲವು ವಾರ ಚೆನ್ನಾಗಿಯೇ ಓಡಿತು. ಆಮೇಲೆ ವಿಡಿಯೊ ನೋಡುತ್ತಿರುವಾಗಲೇ ತಾನಾಗಿ ಆಫ್ ಆಗುವುದು, ಬೆಳಿಗ್ಗೆ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಒಂದು ವೆಬ್‌ಸೈಟೂ ತೆರೆಯದಿರುವುದು, ಡಿ ಡ್ರೈವಿನ ಫೋಟೊಗಳು ಮಾಯವಾಗುವುದು ಶುರುವಾಯಿತು. ಅಂಗಡಿಯವನ ಉತ್ತರ: ‘ವಾರಂಟಿ ಬೋರ್ಡಿಗೆ ಮಾತ್ರ ಸಾರ್.’

ಮುಚ್ಚಳ ತೆಗೆದಾಗ ಒಳಗಿದ್ದದ್ದು ಇಷ್ಟು. ಪ್ರೊಸೆಸರ್ ಐ7-2600, ಅಂದರೆ 2011ರದು. ಹೆಸರಿಲ್ಲದ ಕಂಪನಿಯ, ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡು. ಬೇರೆ ಬೇರೆ ಕಂಪನಿಯ ಎರಡು ಡಿಡಿಆರ್3 ರ‍್ಯಾಮ್ ಕಡ್ಡಿಗಳು. ಎಸ್‌ಎಸ್‌ಡಿ 128 ಜಿಬಿಯದು, ಅದು ಸಿ ಡ್ರೈವ್ ಮಾತ್ರ. ಡಿ, ಇ ಎರಡೂ ಒಂದು ಹಳೇ ಹಾರ್ಡ್‌ಡಿಸ್ಕಿನ ಪಾರ್ಟಿಷನ್‌ಗಳು. ಆ ಡಿಸ್ಕು ಸಿಸಿಟಿವಿ ಡಿವಿಆರ್‌ಗೆಂದೇ ತಯಾರಾದದ್ದು, ಓಡಿದ್ದು 41,000 ಗಂಟೆ. ಹಗಲು ರಾತ್ರಿ ನಿಲ್ಲಿಸದೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು. ಹೊಸದಾಗಿದ್ದದ್ದು ಕ್ಯಾಬಿನೆಟ್ಟು, ಅದರ ಮೇಲಿನ ಬಣ್ಣದ ಲೈಟು ಮತ್ತು ಐ7 ಸ್ಟಿಕ್ಕರು.

ಇದನ್ನು ರೀಫರ್ಬಿಶ್ಡ್ ಅನ್ನುವುದೇ ತಪ್ಪು. ಕಂಪನಿಗಳು ಲೀಸ್ ಮುಗಿದ ಮೇಲೆ ವಾಪಸ್ ಕೊಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳನ್ನು ಇಡಿಯಾಗಿ ಶುಚಿ ಮಾಡಿ, ಡಿಸ್ಕ್ ಬದಲಿಸಿ, ಪರೀಕ್ಷಿಸಿ ಮಾರುವುದು ರೀಫರ್ಬಿಶ್ಡ್. ಗುಜರಿ ಬೋರ್ಡುಗಳಿಂದ ಕಿತ್ತ ಪ್ರೊಸೆಸರನ್ನು ಅಗ್ಗದ ಬೋರ್ಡಿಗೆ ಕೂರಿಸಿ ಮಿನುಗುವ ಕ್ಯಾಬಿನೆಟ್ಟಿಗೆ ತುಂಬುವುದು ಅಸೆಂಬಲ್ಡ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡೂ ಸಿಗುತ್ತವೆ, ಆನ್‌ಲೈನಿನಲ್ಲೂ ಎರಡೂ ಸಿಗುತ್ತವೆ. ಬೆಲೆ ಹತ್ತಿರ ಹತ್ತಿರ, ಒಳಗಿನ ಸರಕು ಬೇರೆ.

ಮೋಸದ ಬೇರು ಇರುವುದು ‘ಐ7’ ಅನ್ನುವ ಹೆಸರಿನಲ್ಲಿ. ಐ3, ಐ5, ಐ7 ಅನ್ನುವುದು ದರ್ಜೆ, ವಯಸ್ಸಲ್ಲ. ವಯಸ್ಸು ಇರುವುದು ಗೆರೆಯ ನಂತರದ ಅಂಕಿಯಲ್ಲಿ. ಐ7-2600ರಲ್ಲಿ ಮೊದಲ ಅಂಕಿ 2, ಎರಡನೇ ತಲೆಮಾರು, 2011. ಐ7-3770 ಮೂರನೆಯದು, 2012. ಐ5-4590 ನಾಲ್ಕನೆಯದು, 2014. ಐ5-6500 ಆರನೆಯದು, 2015. ಐ5-8500 ಎಂಟನೆಯದು, 2018. ಐದು ಅಂಕಿ ಇದ್ದರೆ ಮೊದಲ ಎರಡನ್ನು ಓದಬೇಕು: ಐ3-10100 ಹತ್ತನೇ ತಲೆಮಾರು. ಮೂರೇ ಅಂಕಿ ಇದ್ದರೆ, ಐ7-870 ಥರ, ಅದು ಮೊಟ್ಟಮೊದಲನೆಯದು, 2009ರ ಆಸುಪಾಸಿನ ಸರಕು. ಮಾರುವವನು ಗೆರೆಯ ನಂತರದ ಅಂಕಿ ಹೇಳದಿದ್ದರೆ ಹೇಳಲು ಮನಸ್ಸಿಲ್ಲ ಎಂದೇ ಅರ್ಥ. ಮನೆ ಕೆಲಸಕ್ಕೆ ಐ3-8100 ಈ ಐ7-2600ಕ್ಕಿಂತ ಯಾವುದರಲ್ಲೂ ಕಡಿಮೆಯಿಲ್ಲ. ಮೇಲಾಗಿ 2600 ಗರಿಷ್ಠ ಭಾರದಲ್ಲಿ 95 ವಾಟ್ ವರ್ಗದ ಚಿಪ್ಪು, 8100 ಬರೀ 65 ವಾಟಿನದು.

ಕೊಳ್ಳುವುದಾದರೆ ಎಂಟನೇ ತಲೆಮಾರು ಅಥವಾ ಅದಕ್ಕೂ ಹೊಸದನ್ನೇ ಕೊಳ್ಳಿ. ಎಂಟನೆಯದೇ ಯಾಕೆ? ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಇಂಟೆಲ್ ಪಟ್ಟಿ, ಒಂದೆರಡು ಅಪವಾದ ಬಿಟ್ಟರೆ, ಅಲ್ಲಿಂದ ಶುರು. ಎಎಂಡಿಯಲ್ಲಾದರೆ ಬಹುಮಟ್ಟಿಗೆ ರೈಝೆನ್ 2000 ಸರಣಿಯಿಂದ. ಜತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆ ತಾರೀಖಿನ ಆಸುಪಾಸಿನಲ್ಲಿ ಆಫೀಸುಗಳು ಹೊರಗೆ ಹಾಕಿದ ಆರು, ಏಳನೇ ತಲೆಮಾರಿನ ಯಂತ್ರಗಳು ಮಾರುಕಟ್ಟೆಗೆ ಬಂದಿವೆ. ‘ವಿಂಡೋಸ್ 11 ಹಾಕಿಕೊಟ್ಟಿದ್ದೇವೆ’ ಎಂದರೆ ನಂಬಿ ಕೂರಬೇಡಿ. ಪರಿಶೀಲನೆಯನ್ನು ತಪ್ಪಿಸಿ ಹಳೇ ಯಂತ್ರಕ್ಕೂ ಅದನ್ನು ಹಾಕಬಹುದು. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಯಾರನ್ನಾದರೂ ಕರೆಸಿ ಹಾಕಿಸಬೇಕು.

ಎಚ್61 ಬೋರ್ಡಿಗೆ ಅದರದೇ ಮಿತಿಗಳಿವೆ. ಆ ಚಿಪ್‌ಸೆಟ್ಟಿನಲ್ಲಿ ಯುಎಸ್‌ಬಿ 3.0 ಇಲ್ಲ, ಡಿಸ್ಕ್ ಜೋಡಿಸುವ ಸಾಟಾ ಕೊಂಡಿಯ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ರ‍್ಯಾಮ್ 16 ಜಿಬಿಗೆ ಮುಗಿಯಿತು. ಡಿಡಿಆರ್3 ಕಡ್ಡಿ ಮುಂದೆ ಹೊಸ ತಲೆಮಾರಿನ ಯಾವ ಬೋರ್ಡಿಗೂ ಕೂರುವುದಿಲ್ಲ. ಹಾಗಾಗಿ ನಾಳೆ ಬೋರ್ಡು ಹೋಗಿ ಅಂಥದೇ ಹಳೇ ಬಗೆಯದು ಸಿಗದಿದ್ದರೆ ಪ್ರೊಸೆಸರ್, ರ‍್ಯಾಮ್ ಎರಡೂ ಅದರ ಜತೆಗೇ ಹೋದವು.

ಅಂಗಡಿಯಲ್ಲಿ ‘ದಿಸ್ ಪಿಸಿ’ಯ ಪ್ರಾಪರ್ಟೀಸ್ ತೋರಿಸಿ ‘ನೋಡಿ, ಐ7’ ಅನ್ನುತ್ತಾರೆ. ಆ ಪರದೆಯ ಹೆಸರು ವಿಂಡೋಸ್ ರಿಜಿಸ್ಟ್ರಿಯಿಂದ ಬರುವಂಥದ್ದು. ಆನ್ ಆದಾಗಲೆಲ್ಲ ಹೆಸರು ಬದಲಿಸುವ ಸಣ್ಣ ಸ್ಕ್ರಿಪ್ಟ್ ಇಟ್ಟರೆ ಐ3 ಕೂಡ ಐ7 ಎಂದು ಬರೆದುಕೊಳ್ಳುತ್ತದೆ. ಒಂದು ಪೆನ್‌ಡ್ರೈವಿನಲ್ಲಿ ಸಿಪಿಯು-ಝಡ್ ಮತ್ತು ಕ್ರಿಸ್ಟಲ್ ಡಿಸ್ಕ್ ಇನ್ಫೊ ತೆಗೆದುಕೊಂಡು ಹೋಗಿ. ಎರಡೂ ಉಚಿತ, ಇನ್‌ಸ್ಟಾಲ್ ಮಾಡದೆಯೇ ಓಡುತ್ತವೆ. ಸಿಪಿಯು-ಝಡ್ ನೇರವಾಗಿ ಚಿಪ್ಪನ್ನೇ ಕೇಳುತ್ತದೆ. ಅದರಲ್ಲಿ ಎಸ್‌ಪಿಡಿ ಎಂಬ ಪುಟಕ್ಕೆ ಹೋದರೆ ಯಾವ ಸ್ಲಾಟಿನಲ್ಲಿ ಎಷ್ಟು ಜಿಬಿ, ಯಾವ ಕಂಪನಿಯದು ಎಂಬುದೂ ಕಾಣುತ್ತದೆ.

ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಬಲಗಡೆ ಮೇಲೆ ಪವರ್ ಆನ್ ಅವರ್ಸ್ ಇರುತ್ತದೆ. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಸಂಖ್ಯೆ ಪೂರ್ತಿ ಸೊನ್ನೆ ಇರಬೇಕು. 05 ಅಂದರೆ ಕೆಟ್ಟು ಬದಲಿಸಿದ ಸೆಕ್ಟರುಗಳು, ಸಿ5 ಅಂದರೆ ಕೆಡುವ ಹಾದಿಯಲ್ಲಿರುವವು. ಆ ಸಂಖ್ಯೆಗಳು ಹೆಕ್ಸಾಡೆಸಿಮಲ್‌ನಲ್ಲಿ ಬರುತ್ತವೆ, ಕೊನೆಯಲ್ಲಿ 10 ಕಂಡರೆ ಅದು ಹದಿನಾರು. ಗಂಟೆಗಳ ಲೆಕ್ಕವನ್ನೂ ಸೊನ್ನೆ ಮಾಡುವವರಿದ್ದಾರೆ. ಡಿಸ್ಕಿನ ಲೇಬಲ್ ಮೇಲೆ ತಯಾರಾದ ವರ್ಷ 2016, ಓಡಿದ್ದು ಹನ್ನೆರಡು ಗಂಟೆ ಎಂದು ಬಂದರೆ ನಗುತ್ತಾ ಎದ್ದು ಬನ್ನಿ. ನಮ್ಮ ಅಭಿಪ್ರಾಯದಲ್ಲಿ ಹಳೇ ಹಾರ್ಡ್‌ಡಿಸ್ಕು ಉಚಿತವಾಗಿ ಕೊಟ್ಟರೂ ಬೇಡ. ಡಿಸ್ಕಿಲ್ಲದೆ ಯಂತ್ರ ಕೊಂಡು, ಹೆಸರಿರುವ ಕಂಪನಿಯ ಹೊಸ 256 ಜಿಬಿ ಎಸ್‌ಎಸ್‌ಡಿಯನ್ನು ಬೇರೆ ಬಿಲ್ಲಿನಲ್ಲಿ ತೆಗೆದುಕೊಳ್ಳುವುದೇ ಸರಿ.

ಇನ್ನು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಡಬ್ಬ. ಆ 12,999ರ ಯಂತ್ರ ತಾನಾಗಿ ಆಫ್ ಆಗುತ್ತಿದ್ದದ್ದು ಇದರಿಂದಲೇ. ಹೊರಗೆ ದೊಡ್ಡದಾಗಿ 450 ವಾಟ್ ಎಂದಿತ್ತು. ಲೇಬಲ್ಲಿನ ಸಣ್ಣಕ್ಷರದಲ್ಲಿ 12 ವೋಲ್ಟಿನ ಸಾಲಿಗೆ 14 ಆಂಪಿಯರ್ ಬರೆದಿತ್ತು. 12 ಗುಣಿಸು 14, ಅಂದರೆ 168 ವಾಟ್. ಪ್ರೊಸೆಸರ್, ಫ್ಯಾನು, ಡಿಸ್ಕಿನ ಮೋಟಾರು ಎಲ್ಲ ಎಳೆಯುವುದು ಈ 12 ವೋಲ್ಟಿನಿಂದಲೇ, ಮೇಲಿನ 450 ಬರೀ ಅಲಂಕಾರ. ಫ್ಯಾನಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬರುವ ಕರೆಂಟಿನ ಗದ್ದಲ ಸೋಸುವ ಕಾಯಿಲ್ ಇರಬೇಕಾದ ಜಾಗದಲ್ಲಿ ಎರಡು ತಂತಿ ತುಂಡು ಬೆಸುಗೆ ಹಾಕಿದ್ದು ಕಾಣುತ್ತಿತ್ತು. ಇಂಥದ್ದನ್ನು ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ, ಖಾಲಿ ಡಬ್ಬದಷ್ಟು ಹಗುರ. ಜಾಲರಿಯ ಹೊರಗಿನಿಂದ ನೋಡಿ, ಆದರೆ ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಲೇಬಲ್ಲಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್-’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮನೆಯೊಳಗೆ ತರಬೇಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವುದು ಮಾತ್ರ ಅಂಗಡಿಯವನ ತಪ್ಪಲ್ಲದಿರಬಹುದು. ಎಸ್‌ಎಂಪಿಎಸ್ ಫಿಲ್ಟರಿನಿಂದ ಸ್ವಲ್ಪ ಕರೆಂಟು ಅರ್ತಿಗೆ ಹೋಗಬೇಕು. ಗೋಡೆಯ ಸಾಕೆಟ್ಟಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ ಅದು ಲೋಹದ ಡಬ್ಬದಲ್ಲೇ ನಿಲ್ಲುತ್ತದೆ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚುವ ಮನೆಗಳಲ್ಲಿ ಇದು ಮಾಮೂಲು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ತಾರೀಖು ಹಿಂದಕ್ಕೆ ಹೋಗುತ್ತಿದ್ದದ್ದು ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ ಸತ್ತು. ಕೆಲವೇ ಹತ್ತು ರೂಪಾಯಿಗಳ ಕೆಲಸ. ತಾರೀಖು ತಪ್ಪಿದರೆ ಬ್ರೌಸರು ಎಲ್ಲ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರವನ್ನೂ ತಿರಸ್ಕರಿಸುತ್ತದೆ, ಜನ ಇಂಟರ್ನೆಟ್ಟೇ ಕೆಟ್ಟಿತು ಅಂದುಕೊಳ್ಳುತ್ತಾರೆ.

ವಿಂಡೋಸ್ ಅಸಲಿಯೋ ನಕಲಿಯೋ ನೋಡಲು ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ತೆರೆಯಿರಿ. ‘ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸರ್ವಿಸ್’ ಎಂಬರ್ಥದ ಸಾಲು ಕಂಡರೆ ಅದು ಕಂಪನಿಗಳ ಸಗಟು ಪರವಾನಗಿಯನ್ನು ಅನುಕರಿಸುವ ಕಳ್ಳದಾರಿ ಎಂದೇ ತಿಳಿಯಿರಿ. 180 ದಿನಕ್ಕೊಮ್ಮೆ ಅದು ನವೀಕರಣ ಕೇಳುತ್ತದೆ. ಅದಕ್ಕಿಂತ ಕೆಟ್ಟದ್ದು ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಇರುತ್ತದೆ: ಕ್ರ್ಯಾಕ್ ಓಡಲೆಂದು ಆಂಟಿವೈರಸ್ ನೋಡಬಾರದ ಫೋಲ್ಡರುಗಳನ್ನು ಅಲ್ಲಿ ಸೇರಿಸಿರುತ್ತಾರೆ. ಅಂಥ ಯಂತ್ರದಲ್ಲಿ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಒತ್ತಬೇಡಿ.

ನಿಜವಾದ ಆಫೀಸ್ ಯಂತ್ರಗಳ ತೊಂದರೆ ಬೇರೆ ಬಗೆಯದು. ಆನ್ ಆಗುವಾಗ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಸೆಂಟರ್‌ನಲ್ಲಿ ಎಫ್1 ಒತ್ತಿ. ಬಯೋಸ್ (ವಿಂಡೋಸಿಗೂ ಮುಂಚೆ ಬರುವ ಯಂತ್ರದ ಮೂಲ ಸೆಟ್ಟಿಂಗ್ ಪರದೆ) ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ. ಆಮೇಲೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ವಿಂಡೋಸ್ ರೀಸೆಟ್ ಮಾಡಿಸಿ. ಮೊದಲ ಸೆಟಪ್ಪಿನಲ್ಲಿ ಯಾವುದೋ ಕಂಪನಿಯ ಹೆಸರು ಬಂದು ಆಫೀಸ್ ಲಾಗಿನ್ ಕೇಳಿದರೆ ಆ ಯಂತ್ರ ಇನ್ನೂ ಅವರ ದಾಖಲೆಯಲ್ಲಿದೆ. ಅವರು ತೆಗೆಯುವ ತನಕ ಪ್ರತಿ ರೀಸೆಟ್ಟಿಗೂ ಅದೇ ಪರದೆ. ಅಂಗಡಿಯಲ್ಲಿ ಇಂಟರ್ನೆಟ್ ಇಲ್ಲದೆ ಇನ್‌ಸ್ಟಾಲ್ ಮಾಡಿರುವುದರಿಂದ ಮೊದಲಿಗೆ ಕಾಣುವುದಿಲ್ಲ. ಡೆಲ್ ಆದರೆ ಹಿಂದಿನ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಅನ್ನು ಡೆಲ್ ಸಪೋರ್ಟ್ ತಾಣದಲ್ಲಿ ಹಾಕಿ. ಯಾವಾಗ ಕಳಿಸಿದ್ದು, ಮೂಲದಲ್ಲಿ ಯಾವ ಪ್ರೊಸೆಸರ್ ಇತ್ತು ಎಂದು ಬರುತ್ತದೆ. ಬಯೋಸಿನೊಳಗಿನ ಟ್ಯಾಗೂ ಸ್ಟಿಕ್ಕರಿನದೂ ಒಂದೇ ಇರಬೇಕು.

ಹುಡುಕಬೇಕಾದ ಮಾದರಿಗಳು: ಡೆಲ್ ಆಪ್ಟಿಪ್ಲೆಕ್ಸ್ 3060 ಅಥವಾ 3070, ಎಚ್‌ಪಿ ಪ್ರೊಡೆಸ್ಕ್ 400 ಜಿ5, ಲೆನೊವೊ ಥಿಂಕ್‌ಸೆಂಟರ್ ಎಂ720. 8 ಜಿಬಿ ರ‍್ಯಾಮ್ ಸಾಕು. ಆದರೆ ಒಂದೇ 8ರ ಕಡ್ಡಿ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ ಮುಂದೆ ಹೆಚ್ಚಿಸಲು ಸುಲಭ. ಇವುಗಳ ಎಸ್‌ಎಂಪಿಎಸ್ ಕನೆಕ್ಟರು ಮಾಮೂಲಿ 24 ಪಿನ್ನಿನದಲ್ಲ, ಕೆಟ್ಟರೆ ಅದೇ ಮಾದರಿಯದನ್ನೇ ಹುಡುಕಬೇಕು. ಬಹಳಷ್ಟರಲ್ಲಿ ವೈಫೈ ಇರುವುದಿಲ್ಲ, ಯುಎಸ್‌ಬಿ ಡಾಂಗಲ್ ಖರ್ಚು ಸೇರಿಸಿ. ಮಾನಿಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದು ಯಂತ್ರದಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇದ್ದರೆ ಸಣ್ಣ ಕನ್ವರ್ಟರ್ ಬೇಕು. ಮಾನಿಟರಿನಲ್ಲಿ ಕಲೆ, ಸತ್ತ ಚುಕ್ಕಿ ಇದೆಯೇ ಎಂದು ತಿಳಿಯಲು ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ನೋಡಿದರೆ ಸಾಕು.

ಕೊನೆಗೆ ಅರ್ಧ ಗಂಟೆ 1080ಪಿ ವಿಡಿಯೊ ಓಡಿಸಿ, ಎಚ್‌ಡಬ್ಲ್ಯು ಮಾನಿಟರ್ ಎಂಬ ತಂತ್ರಾಂಶದಲ್ಲಿ ಪ್ರೊಸೆಸರಿನ ಉಷ್ಣತೆ ನೋಡಿ. 80 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಫ್ಯಾನ್ ಸೋತಿದೆ. ಅಷ್ಟು ಹೊತ್ತು ಕೂರಲು ಬಿಡದ ಅಂಗಡಿ ನಿಮಗೆ ಬೇಡ.

ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ತಿ ಸಂಖ್ಯೆ, ಡಿಸ್ಕಿನ ಮತ್ತು ಯಂತ್ರದ ಸೀರಿಯಲ್ ನಂಬರ್, ವಾರಂಟಿ ಯಾವ ಯಾವ ಭಾಗಕ್ಕೆ ಎಂಬುದನ್ನು ಬರೆಸಿಕೊಳ್ಳಿ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಮೊಹರಿಗೆ ಹೆದರಬೇಡಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಈಗಾಗಲೇ ಇಂಥ ಯಂತ್ರ ಮನೆಗೆ ಬಂದಿದ್ದರೆ ಎಸೆಯಬೇಕಿಲ್ಲ. ಫೋಟೊ, ಕಡತಗಳನ್ನು ಇವತ್ತೇ ಬೇರೆಡೆ ನಕಲಿಸಿ ಹಳೇ ಡಿಸ್ಕ್ ಕಿತ್ತುಹಾಕಿ, ಬಿಐಎಸ್ ಗುರುತಿನ ಒಳ್ಳೆಯ ಎಸ್‌ಎಂಪಿಎಸ್ ಮತ್ತು ಹೊಸ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಳ್ಳಿ. ನುಡಿ ಅದರಲ್ಲಿ ನೇರವಾಗಿ ಓಡುವುದಿಲ್ಲ. ಆದರೆ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಇಂಡಿಯಾ ಅಡಿಯಲ್ಲಿ ಕನ್ನಡ ಕಗಪ (ನುಡಿಯ ಕೀಲಿಮಣೆಯಂಥದೇ) ವಿನ್ಯಾಸ ಮೊದಲೇ ಇದೆ, ಆರಿಸಿಕೊಂಡರೆ ಯೂನಿಕೋಡಿನಲ್ಲಿ ಬೆರಳಚ್ಚಿಸಬಹುದು.