ಕೀಬೋರ್ಡ್ ಕಿಟ್ ತಂದಿದ್ದೀರಾ? ಬೆಸುಗೆ ಹಾಕುವ ಮೊದಲು ಇದನ್ನು ಓದಿ

68 ಕೀ. ಒಂದೊಂದು ಕೀ ಅಡಿಯಲ್ಲೂ ಒಂದು ಸ್ವಿಚ್, ಒಂದೊಂದು ಸ್ವಿಚ್ಚಿಗೂ ಎರಡು ಕಾಲು. ಒಟ್ಟು 136 ಕಡೆ ಬೆಸುಗೆ. ಎರಡು ಭಾನುವಾರ ಹಿಡಿಯಿತು. ಎರಡನೇ ಭಾನುವಾರ ಸಂಜೆ ಕೇಬಲ್ ಹಾಕಿ, ನುಡಿ ಸಾಫ್ಟ್‌ವೇರ್ ತೆರೆದು 'ಅಮ್ಮ' ಅಂತ ಟೈಪ್ ಮಾಡಿದೆ. ಪರದೆಯಲ್ಲಿ 'ಅಮಮ' ಅಂತ ಬಂತು. ಪಕ್ಕದಲ್ಲಿ ಕೂತಿದ್ದ ಮಗಳು "ಅಮಮ ಅಂದ್ರೆ ಏನಪ್ಪಾ?" ಅಂದಳು.

ನಾನು ಮೈಸೂರಿನಲ್ಲಿ ಡಿಟಿಪಿ ಕೆಲಸ ಮಾಡುವವನು. ಬೆಳಗ್ಗೆಯಿಂದ ಸಂಜೆವರೆಗೆ ಕನ್ನಡ ಟೈಪಿಂಗೇ. ಬೆರಳಿಗೆ ಹಿತವಾಗಿರುವ ಒಂದು ಮೆಕ್ಯಾನಿಕಲ್ ಕೀಬೋರ್ಡ್ ನಾನೇ ಜೋಡಿಸಿಕೊಳ್ಳಬೇಕು ಅಂತ ತುಂಬಾ ದಿನದ ಆಸೆ. ಕಿಟ್, ಸ್ವಿಚ್, ಕೀಕ್ಯಾಪ್ ಎಲ್ಲ ಸೇರಿ 11 ಸಾವಿರ ದಾಟಿತ್ತು. ನಮ್ಮಂಥವರಿಗೆ ಅದು ಸಣ್ಣ ದುಡ್ಡಲ್ಲ.

'ಅಮ್ಮ' 'ಅಮಮ' ಆಗಿದ್ದು ಎಫ್ ಕೀ ಕೆಲಸ ಮಾಡದೆ. ಆದರೆ ಸತ್ತಿದ್ದು ಎಫ್ ಒಂದೇ ಅಲ್ಲ. 4, ಆರ್, ಎಫ್, ವಿ, ಹೀಗೆ ಮೇಲಿಂದ ಕೆಳಗೆ ಒಂದು ಸಾಲು ಪೂರ್ತಿ ಕೆಲಸ ಮಾಡುತ್ತಿರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕಗಪ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಇದರ ಅರ್ಥ ತಕ್ಷಣ ಗೊತ್ತಾಗುತ್ತದೆ. ಅದರಲ್ಲಿ ಎಫ್ ಒತ್ತದೆ ಒತ್ತಕ್ಷರ ಬರುವುದಿಲ್ಲ. ಆರ್ ಇಲ್ಲದೆ 'ರ' ಇಲ್ಲ, ವಿ ಇಲ್ಲದೆ 'ವ' ಇಲ್ಲ. 'ಸರಸ್ವತಿಪುರಂ' ಅಂತ ವಿಳಾಸ ಬರೆಯುವುದಕ್ಕೂ ಆಗುವುದಿಲ್ಲ.

ಆಗ ನಾನು ದೊಡ್ಡ ತಪ್ಪು ಮಾಡಿದೆ. ಬೆಸುಗೆ ಸರಿಯಾಗಿ ಕೂತಿಲ್ಲ ಅಂದುಕೊಂಡು ಎಫ್ ಸ್ವಿಚ್ಚನ್ನು ಕೀಳಲು ಹೋದೆ. ಕೈಯಲ್ಲಿದ್ದುದು 60 ವ್ಯಾಟಿನ ಮಾಮೂಲಿ ಸೋಲ್ಡರಿಂಗ್ ಐರನ್. ಅದರಲ್ಲಿ ಬಿಸಿ ಕಮ್ಮಿ ಜಾಸ್ತಿ ಮಾಡುವ ವ್ಯವಸ್ಥೆ ಇಲ್ಲ. 63ಕ್ಕೆ 37ರ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ನನ್ನ ಐರನ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿತ್ತು. ಬೆಸುಗೆ ಹೀರುವ ಪಂಪ್ ಇಟ್ಟೆ, ಬರಲಿಲ್ಲ. ಮತ್ತೆ ಕಾಯಿಸಿದೆ. ನಾಲ್ಕನೇ ಸಲ ಸ್ವಿಚ್ ಕಿತ್ತು ಬಂತು, ಜೊತೆಗೆ ಅದರ ಕಾಲಿಗೆ ಅಂಟಿಕೊಂಡು ಎಳ್ಳಿನಷ್ಟು ಅಗಲದ ತಾಮ್ರದ ಉಂಗುರವೂ ಬಂತು. ಸ್ವಿಚ್ ಕೂರುವ ಸರ್ಕ್ಯೂಟ್ ಬೋರ್ಡಿನ ಮೇಲೆ ಆ ಜಾಗ ಬೋಳಾಗಿತ್ತು. ಆ ಉಂಗುರವನ್ನು ಪ್ಯಾಡ್ ಅಂತಾರೆ. ಜಾಸ್ತಿ ಹೊತ್ತು ಜಾಸ್ತಿ ಬಿಸಿ ತಾಗಿದರೆ ಪ್ಯಾಡಿನ ಅಡಿಯ ಅಂಟು ಬಿಟ್ಟುಕೊಂಡು ಅದು ಎದ್ದು ಬರುತ್ತದೆ.

ಮಾರನೇ ದಿನ ಪರಿಚಯದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ತಗೊಂಡು ಹೋದೆ. ಅವನು ಮಲ್ಟಿಮೀಟರ್ ಇಟ್ಟು ಐದೇ ನಿಮಿಷದಲ್ಲಿ ಹೇಳಿದ: "ಸಾರ್, ನಿಮ್ಮ ಬೆಸುಗೆ ಚೆನ್ನಾಗಿಯೇ ಇದೆ. ಈ ನಾಲ್ಕೂ ಕೀ ಒಂದೇ ತಾಮ್ರದ ಗೆರೆ ಹಿಡಿದು ಚಿಪ್‌ಗೆ ಹೋಗುತ್ತವೆ. ಆ ಗೆರೆಯೇ ತುಂಡಾಗಿದೆ." ಭೂತಗನ್ನಡಿಯಲ್ಲಿ ತೋರಿಸಿದ. ಕೂದಲಿನಷ್ಟು ಸಣ್ಣ ಗೀರು, ನಾನು ಐರನ್ ಮುಟ್ಟಿಸದ ಕಡೆ. ಬೋರ್ಡ್ ಬಂದಿದ್ದೇ ಹಾಗೆ.

ತಂತಿ ಎಳೆದು ಮೂರು ಕೀ ಬದುಕಿಸಿದ. ಎಫ್ ಕೆಳಗೆ ಪ್ಯಾಡೇ ಇರಲಿಲ್ಲವಲ್ಲ, ಅದು ಈಗಲೂ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಅಂಥ ಎಫ್ ಇಟ್ಟುಕೊಂಡು ಪುಸ್ತಕದ ಕೆಲಸ ಹೇಗೆ ಮಾಡಲಿ?

ಮಾರಿದವರಿಗೆ ಫೋಟೊ ಕಳಿಸಿದೆ. ಬೆಸುಗೆ ಬಿದ್ದ ಬೋರ್ಡ್ ವಾಪಸ್ ತಗೊಳ್ಳುವುದಿಲ್ಲ ಅಂದರು. ಬಾಕ್ಸಿನೊಳಗಿನ ಚೀಟಿಯಲ್ಲೂ ಹಾಗೇ ಬರೆದಿತ್ತು. ನಾನು ಓದಿರಲಿಲ್ಲ.

ದಯವಿಟ್ಟು ಇಷ್ಟು ಮಾಡಿ. ಒಂದು ಸ್ವಿಚ್ಚನ್ನೂ ಕೂರಿಸುವ ಮೊದಲು ಬರೀ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ. ಬ್ರೌಸರಿನಲ್ಲಿ ಯಾವುದಾದರೂ ಕೀ ಟೆಸ್ಟರ್ ತೆರೆಯಿರಿ. ಪ್ರತಿ ಸ್ವಿಚ್ಚಿನ ಜಾಗದಲ್ಲೂ ಕಾಲು ಹೋಗುವ ಎರಡು ತೂತು ಇರುತ್ತವೆ, ಅವೆರಡನ್ನೂ ಲೋಹದ ಚಿಮುಟದ ಎರಡು ತುದಿಯಿಂದ ಒಟ್ಟಿಗೆ ಮುಟ್ಟಿ. ಪರದೆಯಲ್ಲಿ ಆ ಕೀ ಬೆಳಗಬೇಕು. 68 ಕೀ ನೋಡಲು ಹತ್ತು ನಿಮಿಷವೂ ಬೇಡ. ಎಫ್ಎನ್ (Fn) ಕೀ ಬಿಟ್ಟು ಬೇರೆ ಒಂದು ಬೆಳಗದಿದ್ದರೂ ಐರನ್ ಬಿಸಿ ಮಾಡಬೇಡಿ, ಬೋರ್ಡ್ ವಾಪಸ್ ಕಳಿಸಿ. ಸ್ಪೇಸ್ ಬಾರಿನಂಥ ಉದ್ದ ಕೀಗಳು ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಬೋರ್ಡಿಗೇ ಕೂರುವಂಥದ್ದಾದರೆ ಅದನ್ನೂ ಸ್ವಿಚ್ ಕೂರಿಸುವ ಮೊದಲೇ ಹಾಕಿಬಿಡಿ. ಮರೆತರೆ ಬೆಸುಗೆ ಹಾಕಿದ್ದನ್ನೆಲ್ಲ ಕೀಳಬೇಕಾಗುತ್ತದೆ.

ಮೊದಲ ಸಲ ಮಾಡುವವರು ಹಾಟ್‌ಸ್ವಾಪ್ ಬೋರ್ಡ್ ತಗೊಳ್ಳಿ ಅಂತಲೇ ನಾನು ಹೇಳುವುದು. ಅದಕ್ಕೆ ಬೆಸುಗೆ ಬೇಡ, ಸ್ವಿಚ್ ಒತ್ತಿದರೆ ಕೂರುತ್ತದೆ. ಆದರೆ ಒತ್ತುವಾಗ ಬೋರ್ಡಿನ ಹಿಂದೆ ಸ್ವಿಚ್ಚಿನ ಕಾಲು ಹಿಡಿಯುವ ಸಾಕೆಟ್ಟಿಗೆ ಬೆರಳು ಕೊಟ್ಟಿರಿ, ಇಲ್ಲದಿದ್ದರೆ ಸಾಕೆಟ್ಟೇ ಕಿತ್ತುಬರಬಹುದು. ಸ್ವಿಚ್ಚಿನ ಕಾಲು ನೆಟ್ಟಗಿದೆಯಾ ಅಂತಲೂ ನೋಡಿಕೊಳ್ಳಿ.

ಬಾಕ್ಸ್ ಬಂದ ದಿನವೇ ಈ ಟೆಸ್ಟ್ ಮಾಡಿ, ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಳ್ಳಿ. ನನಗೆ ವಾಪಸ್ ಕಳಿಸಲು ಇದ್ದದ್ದು ಏಳು ದಿನ. ಸ್ವಿಚ್ಚುಗಳು ಬರಲಿ ಅಂತ ನಾನು ಹನ್ನೆರಡು ದಿನ ಬಾಕ್ಸನ್ನೇ ಬಿಚ್ಚಿರಲಿಲ್ಲ.