ಕಾದಾಡುವ ರೋಬೋಟಿಗೆ ಯಾವ ಮೋಟರ್? ವೈಪರ್, ಜಾನ್ಸನ್, ಡ್ರಿಲ್

15 ಕೆಜಿಯ ರೋಬೋವಾರ್ ಬಾಟ್‌ನ ಚಕ್ರ ತಿರುಗಿಸಲು ಬಳ್ಳಾರಿಯಲ್ಲಿ ಕೂತವರಿಗೆ ಸುಲಭವಾಗಿ ಸಿಗುವುದು ಮೂರು: ಗುಜರಿಯ ವೈಪರ್ ಮೋಟರ್, ಆನ್‌ಲೈನ್‌ನಲ್ಲಿ ಬರುವ ಜಾನ್ಸನ್ ಗೇರ್ ಮೋಟರ್, ಬ್ಯಾಟರಿ ಸತ್ತು ಮೂಲೆ ಸೇರಿದ ಕಾರ್ಡ್‌ಲೆಸ್ ಡ್ರಿಲ್. ಮೂರನ್ನೂ ಹಾಕಿ ಓಡಿಸಿದ್ದೇನೆ. ನನ್ನ ಓಟು ಡ್ರಿಲ್‌ಗೆ, ಅದರಲ್ಲೂ ಒಂದೇ ಗೇರಿನ ಅಗ್ಗದ ಡ್ರಿಲ್‌ಗೆ.

ವೈಪರ್ ಕಥೆ ಚಿಕ್ಕದು. ಅದಿರು ಲಾರಿಗಳ ಊರಲ್ಲಿ ಇದಕ್ಕೆ ಬರವಿಲ್ಲ. ಆದರೆ ಲಾರಿಯದು ಹೆಚ್ಚಾಗಿ 24 ವೋಲ್ಟಿನದು, 12 ಕೊಟ್ಟರೆ ಅರ್ಧ ವೇಗ. ಕಾರಿನದೇ ಸಿಕ್ಕರೂ ನಿಮಿಷಕ್ಕೆ 60 ಸುತ್ತಿನ ಆಸುಪಾಸು. 100 ಮಿಮೀ ಚಕ್ರಕ್ಕೆ ಸೆಕೆಂಡಿಗೆ ಬರೀ 30 ಸೆಂಮೀ. ಎದುರಾಳಿ ಅಷ್ಟರಲ್ಲಿ ಸುತ್ತು ಹಾಕಿ ಹಿಂದೆ ಬಂದಿರುತ್ತಾನೆ. ಮೇಲೆತ್ತುವ ತೋಳಿಗೆ ಮಾತ್ರ ಇದು ಒಳ್ಳೆಯದು. ಒಳಗಿರುವುದು ವರ್ಮ್ ಗೇರ್, ಭಾರ ಬಿದ್ದರೂ ತೋಳು ಕೆಳಗೆ ಜಾರುವುದಿಲ್ಲ.

300 ಆರ್‌ಪಿಎಂ ಜಾನ್ಸನ್ ಅದೇ ಚಕ್ರದಲ್ಲಿ ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತದೆ. ಕ್ಲಾಂಪ್ ರೆಡಿ ಸಿಗುತ್ತದೆ, ಸ್ಕ್ರೂ ಹಾಕಿದರೆ ಕೆಲಸ ಮುಗಿಯಿತು. ತೊಂದರೆ ಇರುವುದು ಡಿಕ್ಕಿಯಲ್ಲಿ. ಇದರಲ್ಲಿ ಇಡೀ ಹೊಡೆತ ಒಂದೆರಡು ಹಲ್ಲುಗಳ ಮೇಲೇ ಬೀಳುತ್ತದೆ. ಶಾಫ್ಟ್ ಕೂಡ 6 ಮಿಮೀ ಅಷ್ಟೇ. 8 ಕೆಜಿ ಬಾಟ್ ಆದರೆ ಸುಮ್ನೆ ಇದನ್ನೇ ಹಾಕಿ, ಮುಂದಿನ ತಲೆನೋವು ಬೇಡ.

ಡ್ರಿಲ್‌ನಲ್ಲಿರುವುದು ಪ್ಲಾನೆಟರಿ ಗೇರ್. ನಡುವಿನ ಗೇರಿನ ಸುತ್ತ ಮೂರ್ನಾಲ್ಕು ಚಿಕ್ಕ ಗೇರುಗಳು ಭಾರ ಹಂಚಿಕೊಳ್ಳುತ್ತವೆ. ಮೋಟರ್ ಸಾಮಾನ್ಯವಾಗಿ 550 ಸೈಜಿನದು (ಇದು ಅಳತೆಯ ಹೆಸರು, ಸುತ್ತಿನ ಲೆಕ್ಕ ಅಲ್ಲ). ಹೊರಗೆ ನಿಮಿಷಕ್ಕೆ 550 ಸುತ್ತು ಬಂದರೆ ಸೆಕೆಂಡಿಗೆ 2.9 ಮೀಟರ್. ಅಖಾಡಕ್ಕೆ ಸಾಕೋ ಸಾಕು.

ಹಾಗೇ ಕಿತ್ತು ಹಾಕಿದರೆ ಮಾತ್ರ ನಡೆಯುವುದಿಲ್ಲ. ಮೊದಲು ಬಿಟ್ ಹಿಡಿಯುವ ಚಕ್ ಬಿಚ್ಚಬೇಕು. ಅದರ ದವಡೆಗಳ ಒಳಗೊಂದು ಸ್ಕ್ರೂ ಇದೆ, ಅದು ಎಡ ತ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೆ ಚಕ್ಕನ್ನು ಎಡಕ್ಕೆ. ಆ ಸ್ಕ್ರೂ ಬಿಸಾಡಬೇಡಿ. ಚಕ್ಕಿನ ಜಾಗಕ್ಕೆ ಬರುವ ಚಕ್ರ ರಿವರ್ಸ್ ಕೊಟ್ಟಾಗ ಬಿಚ್ಚಿಕೊಂಡು ಹೋಗದಂತೆ ಹಿಡಿಯುವುದು ಅದೇ.

ಮುಂದಿನದು ಕ್ಲಚ್. ಸ್ಪ್ರಿಂಗ್ ಒತ್ತಿದ ಸ್ಟೀಲ್ ಗುಂಡುಗಳು ಹೊರಗಿನ ರಿಂಗ್ ಗೇರನ್ನು ಹಿಡಿದಿರುತ್ತವೆ. ಭಾರ ಜಾಸ್ತಿಯಾದರೆ ರಿಂಗ್ ಟಕಟಕ ಜಾರುತ್ತದೆ. ಸ್ಕ್ರೂ ಬಿಗಿಯುವವರಿಗೆ ಇದು ಬೇಕು, ತಳ್ಳಾಟಕ್ಕೆ ಬೇಡ. ಸ್ಪ್ರಿಂಗ್, ಗುಂಡು ತೆಗೆದು ಆ ತೂತುಗಳಿಗೇ ಟ್ಯಾಪ್ ಹೊಡೆಸಿ, ಅಂದರೆ ಒಳಗೆ ತ್ರೆಡ್ ಮಾಡಿಸಿ, ತಲೆಯಿಲ್ಲದ ಗ್ರಬ್ ಸ್ಕ್ರೂ ಹಾಕಿಸಿದೆ. ‘ಟ್ಯಾಪ್ ಹೊಡೆಯಾಕಂತ್ಲೇ ತೂತು ಬಿಟ್ಟಂಗೈತಲ್ಲಣ್ಣ’ ಅಂದ ಲೇತ್ ಹುಡುಗ. ಎಲ್ಲ ಸ್ಕ್ರೂ ಸಮನಾಗಿ ಮುಟ್ಟಬೇಕು. ಒಂದು ಕಡೆ ಜಾಸ್ತಿ ಬಿಗಿದರೆ ರಿಂಗ್ ವಾರೆಯಾಗಿ ಗೇರ್ ಬಿಗಿಯುತ್ತದೆ. ಕೈಯಲ್ಲಿ ತಿರುಗಿಸಿದರೇ ಗೊತ್ತಾಗುತ್ತದೆ.

ಹೊಸ ಡ್ರಿಲ್‌ಗಳಲ್ಲಿ, ಮೋಟರ್ ನಿಂತಾಗ ಶಾಫ್ಟ್ ತಿರುಗದಂತೆ ಹಿಡಿಯುವ ಸ್ಪಿಂಡಲ್ ಲಾಕ್ ಪಿನ್‌ಗಳೂ ಇರುತ್ತವೆ. ಅವಿದ್ದರೆ ಬಾಟ್ ಉರುಳುತ್ತಾ ನಿಲ್ಲುವ ಬದಲು ಗಕ್ಕನೆ ಕಚ್ಚಿಕೊಳ್ಳುತ್ತದೆ. ತೆಗೆದೆ. ಇನ್ನು, ಡ್ರಿಲ್ ಮಾಡಿರುವುದು ನೇರ ಒತ್ತಲು, ಪಕ್ಕದಿಂದ ಗುದ್ದಿಸಿಕೊಳ್ಳಲು ಅಲ್ಲ. ಚಕ್ರದ ಹೊರಗಡೆ ಒಂದು ಬೇರಿಂಗ್ ಕೊಡದಿದ್ದರೆ ಪ್ಲಾಸ್ಟಿಕ್ ಮೂತಿ ಒಡೆಯುವುದು ಗ್ಯಾರಂಟಿ.

ಎರಡು ಗೇರಿನ ದುಬಾರಿ ಡ್ರಿಲ್ ಯಾಕೆ ಬೇಡ? ಉದ್ದ, ತೂಕ ಎರಡೂ ಜಾಸ್ತಿ, ಗೇರ್ ಬದಲಿಸುವ ಸ್ಲೈಡರನ್ನು ಒಂದೇ ಕಡೆ ಪಿನ್ ಹೊಡೆದು ನಿಲ್ಲಿಸಬೇಕು. 1500 ಆರ್‌ಪಿಎಂನ ಹೈ ಗೇರಿನಲ್ಲಿ ಮೋಟರ್ ಸುಟ್ಟ ವಾಸನೆ, ಲೋ ಗೇರಿನಲ್ಲಿ ಅಗ್ಗದ್ದಕ್ಕಿಂತ ನಿಧಾನ. ಅಷ್ಟು ದುಡ್ಡು ಕೊಟ್ಟು ಒಂದು ಗೇರನ್ನು ಸಾಯಿಸುವುದು ಯಾಕೆ, ಅಲ್ವಾ?

12 ವೋಲ್ಟಿನ ಡ್ರಿಲ್ ಮೋಟರಿಗೆ 14.8 ವೋಲ್ಟಿನ ಲಿಪೋ ಬ್ಯಾಟರಿ ಕೊಟ್ಟೆ. ಮೂರು ನಿಮಿಷದ ಪಂದ್ಯಕ್ಕೆ ತಡೆಯುತ್ತದೆ. ಏಪ್ರಿಲ್‌ನ ಬಳ್ಳಾರಿ ಬಿಸಿಲಲ್ಲಿ ಪ್ರಾಕ್ಟೀಸ್ ಮಾಡುವಾಗ ಮಾತ್ರ ಮುಟ್ಟಿ ನೋಡುತ್ತಾ ಇರಿ.

ಕೊನೆಗೂ ಒಂದು ಕಾಟ ಉಳಿಯುತ್ತದೆ. ಕೆಲವು ಡ್ರಿಲ್ ಮೋಟರ್‌ಗಳ ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ಷನ್ನು ಮುಂದಕ್ಕೆ ಚೆನ್ನಾಗಿ ಓಡಲೆಂದು ಸ್ವಲ್ಪ ಓರೆಯಾಗಿ ಕೂರಿಸಿರುತ್ತಾರೆ, ರಿವರ್ಸ್‌ನಲ್ಲಿ ವೇಗ ಕಡಿಮೆ. ಬಾಟ್‌ನಲ್ಲಿ ಎರಡು ಮೋಟರ್ ಎದುರುಬದುರು ಕೂರುವುದರಿಂದ ನೇರ ಹೋಗುವಾಗಲೂ ಒಂದು ರಿವರ್ಸ್‌ನಲ್ಲೇ ಇರುತ್ತದೆ. ಬಾಟ್ ಒಂದು ಕಡೆ ಎಳೆಯುತ್ತದೆ. ನಾನು ರಿಮೋಟಿನಲ್ಲಿ ಜೋರಾಗಿ ಓಡುವ ಕಡೆಯ ಮೋಟರಿನ ಗರಿಷ್ಠ ವೇಗ ಇಳಿಸಿ ಸರಿ ಮಾಡಿಕೊಂಡಿದ್ದೇನೆ, ಆದರೆ ಹಿಂದಕ್ಕೆ ಬರುವಾಗ ಅದು ಇನ್ನೊಂದು ಕಡೆಗೆ ಎಳೆಯುತ್ತದೆ.