ತೀನ್ ಕಂದೀಲ್ ಹತ್ತಿರದ ಪೇಟಿ ರಿಪೇರಿ ಅಂಗಡಿ: ತಪ್ಪು ನನ್ನ ಕೈಯದಲ್ಲ, ಗಾಳಿಯದು

ವಯಸ್ಸಾದ ಮೇಲೆ ಹಾರ್ಮೋನಿಯಂ ಕಲಿಯಲು ಹೊರಟವರು ರಾಯಚೂರಿನಲ್ಲಿ ಯಾರಾದರೂ ಇದ್ದರೆ, ಕೈ ನೋಯುತ್ತೆ ಅಂತ ಬಿಡುವ ಮೊದಲು ಪೇಟಿ ಹೊತ್ತುಕೊಂಡು ಈ ಅಂಗಡಿಗೆ ಹೋಗಿ ಬನ್ನಿ. ತೀನ್ ಕಂದೀಲ್ ಹತ್ತಿರದ ಸಂದಿಯಲ್ಲಿದೆ. ಬೋರ್ಡ್ ಇಲ್ಲ. ಪೇಟಿ ರಿಪೇರಿ ಚಾಚಾ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ.

ನನಗೀಗ 56. ನಮ್ಮ ಓಣಿಯ ಸೋಮವಾರದ ಭಜನೆಯಲ್ಲಿ ಇಪ್ಪತ್ತು ವರ್ಷದಿಂದ ತಾಳ ಹಾಕುತ್ತಿದ್ದೆ. ಪೇಟಿ ನುಡಿಸುತ್ತಿದ್ದ ಹಿರಿಯರು ಹೋದ ವರ್ಷ ತೀರಿಕೊಂಡರು. ಹುಡುಗರೆಲ್ಲ ಬೆಂಗಳೂರು, ಹೈದರಾಬಾದ್ ಸೇರಿದ್ದಾರೆ. ಪೇಟಿ ಇಲ್ಲದ ಸೋಮವಾರ ಹೇಗಿರುತ್ತಿತ್ತು ಅಂದರೆ, ಜಗನ್ನಾಥದಾಸರ ಪದ ಶುರು ಮಾಡಿದ ಶ್ರುತಿ ಒಂದು, ಮುಗಿಸುವಾಗ ಇನ್ನೊಂದು, ನಡುವೆ ಒಬ್ಬೊಬ್ಬರದು ಒಂದೊಂದು ದಾರಿ. ಎರಡು ತಿಂಗಳು ಕೇಳಿ ಕೇಳಿ ಸಾಕಾಗಿ, ನಾನೇ ಕಲಿಯುತ್ತೇನೆ ಅಂದೆ.

ಮೊಬೈಲಿನಲ್ಲಿ ನೋಡಿ 14,500 ರೂಪಾಯಿ ಕೊಟ್ಟು ಹೊಸದನ್ನೇ ತರಿಸಿದೆ. 42 ಮನೆ (ಬೆರಳಲ್ಲಿ ಒತ್ತುವ ಪಟ್ಟಿಗಳು), ಡಬಲ್ ರೀಡ್ (ದನಿ ಕೊಡುವ ಹಿತ್ತಾಳೆ ನಾಲಿಗೆಗಳು ಎರಡು ಸಾಲು), ಮುಂದೆ ಎಳೆಯೋಕೆ ಒಂಬತ್ತು ಸ್ಟಾಪ್ ಅನ್ನುವ ಗುಂಡಿ, ಕನ್ನಡಿಯಂಥ ಪಾಲಿಶ್. ಪಾಠ ಹೇಳಿಕೊಡುವ ಮೇಷ್ಟ್ರು ಬಿಳಿ ಒಂದು ಅನ್ನುವ ಶ್ರುತಿಯಲ್ಲಿ ಮೊದಲ ಸ್ವರಪಾಠವಾದ ಸರಳೆ ಶುರು ಮಾಡಿಸಿದರು. ಬೆರಳು ಒಂದು ತಿಂಗಳಿಗೆ ದಾರಿಗೆ ಬಂತು. ಗಾಳಿ ತುಂಬುವ ತಿದಿ ಒತ್ತುವ ಎಡಗೈ ಮಾತ್ರ ಬರಲಿಲ್ಲ. ಒಂದು ಸಾ ಹಿಡಿದು ಎಂಟು ಮಾತ್ರೆ (ತಾಳದ ಎಣಿಕೆ) ನಿಲ್ಲಿಸೋಣ ಅಂದರೆ ನಾಲ್ಕಕ್ಕೇ ದನಿ ಸೊರಗುತ್ತಿತ್ತು, ಹಾಗಾಗಿ ಜೋರಾಗಿ ತಿದಿ ಒತ್ತುವುದು, ರಾತ್ರಿ ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುವುದು. ಮನೆಯಾಕೆ, "ಈ ವಯಸ್ಸಿನಾಗ ಯಾಕ್ರೀ ಇಷ್ಟು ತ್ರಾಸು" ಅಂದಳು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ಸಲ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಗಾಯನಕ್ಕೆ ಹೋಗಿ, ಹಾಡುವವರನ್ನು ಬಿಟ್ಟು ಪೇಟಿಯವರ ಎಡಗೈಯನ್ನೇ ನೋಡುತ್ತಾ ಕೂತೆ. ನಾಲ್ಕು ಬೆರಳು ಸುಮ್ನೆ ಒರಗಿಸಿದಂತೆ ಇದ್ದವು. ಭುಜ ಅಲುಗಲೇ ಇಲ್ಲ. ಅವರಿಗೆ ನನಗಿಂತ ಹೆಚ್ಚು ವಯಸ್ಸು.

ಮರುದಿನವೇ ಚಾಚಾ ಹತ್ತಿರ ಹೋದೆ. ಅವರು ಒಂದು ಸ್ವರವನ್ನೂ ನುಡಿಸಲಿಲ್ಲ. ತಿದಿ ಪೂರ್ತಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಕೈ ಬಿಟ್ಟು ಎಣಿಸಿದರು. ಎಂಟಕ್ಕೆ ಗಾಳಿ ಖಾಲಿ. ಪಕ್ಕದಲ್ಲಿದ್ದ ಹಳೇ ಪೇಟಿಗೂ ಹಾಗೇ ಮಾಡಿದರು, ಮೂವತ್ತು ದಾಟಿದರೂ ಇನ್ನೂ ಗಾಳಿ ಇತ್ತು. ಊದುಬತ್ತಿ ಹಚ್ಚಿ ನನ್ನ ಪೇಟಿಯ ತಿದಿ ಮಡಿಕೆಗಳ ಮೂಲೆಮೂಲೆಗೆ ಹಿಡಿದರು. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಮೂಲೆಯಲ್ಲಿ ಪಟ್ಟನೆ ಅಡ್ಡ ಹೋಯಿತು. "ನಿಮ್ ಕೈದಾಗ ಏನೂ ತಪ್ಪಿಲ್ರೀ ಸರ, ಪೇಟಿದಾಗ ಗಾಳಿನೇ ನಿಲ್ಲವಲ್ದು" ಅಂದರು. ಎರಡು ತಿಂಗಳು ವಯಸ್ಸನ್ನು ಬೈದುಕೊಂಡವನಿಗೆ ಆ ಮಾತು ಎಷ್ಟು ಹಗುರ ಮಾಡಿತು ಅಂತ ಹೇಳಲಾರೆ.

ಕೆಲಸ ನಾನು ಕೂತು ನೋಡಿದೆ. ಬೇಡ ಅನ್ನಲಿಲ್ಲ, ಚಹಾನೂ ತರಿಸಿದರು. ಬಿಟ್ಟುಕೊಂಡಿದ್ದ ಮೂಲೆಗೆ ಮೆತ್ತನೆ ಚರ್ಮ ಅಂಟಿಸಿದರು. ಮನೆಗಳ ಕೆಳಗೆ ಗಾಳಿ ತಡೆಯುವ ಚರ್ಮ ಕೆಲವು ಕಡೆ ಸರಿಯಾಗಿ ಕೂತಿರಲಿಲ್ಲ, ಅದನ್ನೂ ಬದಲಿಸಿದರು. ಮೇಲಿನ ಒಂದು ನಿ ದನಿಯೇ ಬಿಡುತ್ತಿರಲಿಲ್ಲ. ಆ ಹಿತ್ತಾಳೆ ರೀಡಿನ ಕೆಳಗೆ ತೆಳು ಕಾಗದದ ಚೂರು ತೂರಿಸಿ ಮೆಲ್ಲಗೆ ಎಳೆದರೆ ಹತ್ತಿಯ ಒಂದು ಎಳೆ ಬಂತು, ಅಷ್ಟೇ! ಇನ್ನೆರಡು ಸ್ವರ ಶ್ರುತಿಯಲ್ಲಿರಲಿಲ್ಲ. ರೀಡಿನ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ ಅಂತ ಕೆರೆದೇ ತೋರಿಸಿದರು. ಕೊನೆಗೆ ನನ್ನ ಬೆರಳು ಒತ್ತಿಸಿ ನೋಡಿ, ಗಟ್ಟಿಯಿದ್ದ ಸ್ಪ್ರಿಂಗ್‌ಗಳನ್ನು ಸಡಿಲ ಮಾಡಿಕೊಟ್ಟರು. ಇದನ್ನು ನಾನು ಕೇಳಿರಲಿಲ್ಲ.

ಒಟ್ಟು 2,800 ರೂಪಾಯಿ. ಈಗ ಮಂದ್ರ ಸಾ ಹದಿನಾರು ಮಾತ್ರೆ ನಿಲ್ಲುತ್ತೆ, ಬೆರಳಲ್ಲೇ ಒತ್ತುತ್ತೇನೆ, ಎಣ್ಣೆ ಬಾಟಲಿ ಮುಟ್ಟಿ ತಿಂಗಳಾಯಿತು.

ಬೇಸರದ್ದೂ ಹೇಳಬೇಕು. ಐದು ದಿನ ಅಂದವರು ಹನ್ನೆರಡು ದಿನ ತೆಗೆದುಕೊಂಡರು. ಫೋನ್ ಎತ್ತುವುದಿಲ್ಲ, ಮೂರು ಸಲ ಸುಮ್ನೆ ಹೋಗಿ ಬಂದೆ. ಬಿಲ್ ಕೇಳಿದರೆ ಚೀಟಿಯ ಮೇಲೆ ಬರೆದುಕೊಟ್ಟರು. ಹೊಸ ಪೇಟಿ ಮಾರುವುದಿಲ್ಲ, ಆದರೆ ಕೊಳ್ಳುವವರ ಜೊತೆ ಬಂದು ನೋಡಿಕೊಡಿ ಅಂದರೆ ಬರುತ್ತಾರಂತೆ. ನನಗದು ಮೊದಲೇ ಗೊತ್ತಿರಬೇಕಿತ್ತು. ಒಂಬತ್ತು ಸ್ಟಾಪಿನಲ್ಲಿ ನಾನು ಎಳೆಯುವುದು ಎರಡೇ. ಕಲಿಯುವವರಿಗೆ 39 ಮನೆ ಧಾರಾಳ ಸಾಕು, ಗಾಳಿ ನಿಲ್ಲಬೇಕು ಅಷ್ಟೇ.

ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ಸ್ವರ ಜಾರಿಸೋಕೆ ಆಗುವುದಿಲ್ಲ ಅನ್ನುವ ದೂರು ಹಳೆಯದು. ಇಂಥ ಕಾರಣಕ್ಕೇ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರ ಇಟ್ಟಿತ್ತು. ದೊಡ್ಡ ಗಾಯಕರಿಗೆ ಅದು ಕೊರತೆ ಇರಬಹುದು. ಆದರೆ ನನ್ನಂತೆ ತಡವಾಗಿ ಬಂದವರಿಗೆ, ಒತ್ತಿದ ಕೂಡಲೇ ಸ್ವರ ತನ್ನ ಜಾಗದಲ್ಲೇ ಸಿಗುವುದು ದೊಡ್ಡ ಆಸರೆ ಅಲ್ವಾ? ಪಿಟೀಲಾಗಿದ್ದರೆ ಸ್ವರದ ಜಾಗ ಹುಡುಕೋದಕ್ಕೇ ವರ್ಷಗಳು ಹೋಗುತ್ತಿದ್ದವು.

ಒಂದು ಮಾತು ಚಾಚಾ ಎರಡೆರಡು ಸಲ ಹೇಳಿ ಕಳಿಸಿದರು. ನಮ್ಮ ಊರಿನ ಬೇಸಿಗೆಯಲ್ಲಿ ಎಲ್ಲರ ಮನೆಯಲ್ಲೂ ಕೂಲರ್ ಓಡುತ್ತೆ, ಅದರ ಮುಂದೆ ಪೇಟಿ ಇಡಬೇಡಿ. ತೇವಕ್ಕೆ ಕಟ್ಟಿಗೆ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ನುಡಿಸಿದ ಮೇಲೆ ಬಟ್ಟೆ ಹೊದಿಸಿ, ಗಂಜಿನ (ಮಾರುಕಟ್ಟೆಯ) ಕಡೆ ವಾಸ ಇದ್ದವರಂತೂ ಮರೆಯಲೇಬೇಡಿ, ಹತ್ತಿ ಧೂಳು ಜಾಸ್ತಿ.

ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತೆ. ಸಂದಿಯಲ್ಲಿ ಆಟೋ ಹೋಗುವುದಿಲ್ಲ, ಪೇಟಿ ಎತ್ತಿಕೊಳ್ಳಲು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.